ಹದಿನಾಲ್ಕನೇ ನಂಬರಿನ ಜೆರ್ಸಿಯಲ್ಲಿ ಇಬ್ಬರಿದ್ದರು

ಮಾನ್ಯ ಕುಲಸಚಿವರೇ,

ನಮ್ಮ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಐವತ್ತು ವರ್ಷಗಳ ಚರಿತ್ರೆಯನ್ನು ನೀವು ನುಣುಪು ಕಾಗದದಲ್ಲಿ, ಬಣ್ಣದ ಚಿತ್ರಗಳ ಸಮೇತ ಅಚ್ಚು ಹಾಕಿಸಿದ್ದೀರಿ. ಅದರ ನೂರ ನಲವತ್ತೆರಡನೇ ಪುಟದಲ್ಲಿ, ತಂಡ ಗೆದ್ದ ಒಂದೇ ಒಂದು ದೊಡ್ಡ ಕಪ್ಪಿನ ವರ್ಷದ ಆಟಗಾರರ ಪಟ್ಟಿಯಿದೆ. ಪಟ್ಟಿಯ ಕೊನೆಯ ಹೆಸರಿನ ಮುಂದೆ ‘ಆಡಿಲ್ಲ’ ಎಂದು ಬರೆದಿದೆ. ಆ ಹೆಸರು ನನ್ನ ತಮ್ಮನದು. ಅವನು ಫೈನಲ್ ಪಂದ್ಯದಲ್ಲಿ ಒಂಬತ್ತು ಸೆಕೆಂಡು ಆಡಿದ್ದಾನೆ. ಆ ಒಂಬತ್ತು ಸೆಕೆಂಡಿನಲ್ಲಿ ನಿಮಗೆ ಆ ಕಪ್ಪನ್ನು ತಂದುಕೊಟ್ಟ ಬ್ಯಾಸ್ಕೆಟ್ ಹಾಕಿದವನೂ ಅವನೇ. ಅವನು ತೀರಿಕೊಂಡು ಎಂಟು ತಿಂಗಳಾಯಿತು, ನಿಮ್ಮ ಪುಸ್ತಕ ಬಂದು ಮೂರು ತಿಂಗಳು. ಐದು ತಿಂಗಳ ಅಂತರದಲ್ಲಿ ನನ್ನ ತಮ್ಮ ಎರಡು ಸಲ ಸತ್ತ ಹಾಗಾಗಿದೆ.

ಇದನ್ನು ಸರಿಪಡಿಸಿ ಎಂದು ನಿಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಬಂತು: ‘ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಪಂದ್ಯದ ಸ್ಕೋರ್‌ಶೀಟಿನಲ್ಲಿ ತಮ್ಮ ಸಹೋದರರು ಅಂಕಣಕ್ಕಿಳಿದ ಬಗ್ಗೆ ಯಾವುದೇ ನಮೂದು ಕಂಡುಬಂದಿರುವುದಿಲ್ಲ. ಸದರಿ ಹಾಳೆಯು ತಮ್ಮದೇ ಸಹಿಯನ್ನು ಹೊಂದಿರುತ್ತದೆ. ಆದ್ದರಿಂದ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ.’ ಓದಿ ನನಗೆ ನಗು ಬಂತು. ಆ ಒಕ್ಕಣೆ ನನ್ನದೇ, ಕುಲಸಚಿವರೇ. ನಿಮ್ಮ ಪರೀಕ್ಷಾ ವಿಭಾಗದಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಮರುಎಣಿಕೆ ಕೇಳಿ ಬರುವ ವಿದ್ಯಾರ್ಥಿಗಳಿಗೆ ಕಳಿಸಲೆಂದು ಆ ಮಾದರಿ ಪತ್ರವನ್ನು ಟೈಪು ಮಾಡಿಟ್ಟವನು ನಾನೇ. ‘ಕೂಲಂಕಷ’ ಎಂದು ಬರೆದಾಗಲೆಲ್ಲ ನಾವು ಕಡತದ ಮೇಲಿನ ಹಾಳೆಯೊಂದನ್ನು ಮಾತ್ರ ನೋಡಿರುತ್ತಿದ್ದೆವು. ನಾನು ನೆಟ್ಟ ಗಿಡದ ಮುಳ್ಳು ನನ್ನ ಕಾಲಿಗೇ ಚುಚ್ಚಿದೆ. ಕೂಗಿಕೊಳ್ಳಲು ನನಗೆ ಹಕ್ಕಿಲ್ಲ, ಆದರೂ ಈ ಸಲ ಪತ್ರಿಕೆಯ ಮೂಲಕ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದೇನೆ.

ಹಗಲು ಗುಮಾಸ್ತಿಕೆ, ಸಂಜೆ ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಮೇಜು. ಮೂವತ್ತೊಂದು ವರ್ಷ ಈ ತಂಡದ ಸ್ಕೋರ್ ಬರೆದಿದ್ದೇನೆ. ಯಾರು ಯಾವಾಗ ಒಳಗೆ ಬಂದರು, ಯಾರು ಎಷ್ಟು ಪಾಯಿಂಟು ಹಾಕಿದರು, ಯಾರ ಮೇಲೆ ಎಷ್ಟು ಫೌಲು, ಎಲ್ಲ ಒಂದು ಹಾಳೆಯಲ್ಲಿ. ಆದ್ದರಿಂದ ನಿಮ್ಮ ಪುಸ್ತಕದ ಬಗ್ಗೆ ಎರಡು ಮಾತಾಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಬರೆದವರದು ಒಳ್ಳೆಯ ಕೈ. ತಂಡ ಹುಟ್ಟಿದ್ದು ಅಂದಿನ ಆಡಳಿತದ ‘ದೂರದೃಷ್ಟಿಯ ಫಲ’ವಂತೆ. ಆ ದೂರದೃಷ್ಟಿಯನ್ನು ನಾನು ಹತ್ತಿರದಿಂದ ಬಲ್ಲೆ. ತಮ್ಮ ಕೊಠಡಿಯ ಕಿಟಕಿ ಗಾಜು ಒಡೆಯಿತೆಂದು ಅಂದಿನ ದೊಡ್ಡವರೊಬ್ಬರು ತಂಡದ ಒಂದೇ ಒಂದು ಚೆಂಡನ್ನು ಎರಡು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗರು ಆ ಎರಡು ತಿಂಗಳು ಚೆಂಡಿಲ್ಲದೆ ಓಡುವುದನ್ನು ಅಭ್ಯಾಸ ಮಾಡಿದರು. ನಮ್ಮ ತಂಡ ಓಟದಲ್ಲಿ ಚುರುಕು ಎಂದು ನೀವು ಎಪ್ಪತ್ತನೇ ಪುಟದಲ್ಲಿ ಹೊಗಳಿದ್ದೀರಲ್ಲ, ಅದರ ಮೂಲ ಅದು.

ಇನ್ನು ಮೊದಲ ಆರು ವರ್ಷಗಳನ್ನು ‘ಸಂಯಮದಿಂದ ಬುನಾದಿ ಕಟ್ಟಿದ ಕಾಲ’ ಎಂದು ಬರೆಸಿದ್ದೀರಿ. ಆ ಆರು ವರ್ಷ ನಾವು ಹೊರಗಿನ ಅಂಕಣಗಳಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ಮನೆಯಲ್ಲಿ ಹುಲಿ, ಹೊರಗೆ ಇಲಿ. ಕಾರಣ ಯಾರಿಗೂ ತಿಳಿಯದು. ಕೋಚು ಹುಡುಗರ ಧೈರ್ಯವನ್ನು ಬೈದರು, ಊಟವನ್ನು ಬೈದರು, ಕೊನೆಗೆ ಅವರವರ ತಂದೆತಾಯಿಯನ್ನೂ ಬಿಡಲಿಲ್ಲ. ಆರನೇ ವರ್ಷ ಎದುರಾಳಿ ತಂಡದ ಕೋಚೊಬ್ಬರು ಅನುಮಾನದಿಂದ ನಮ್ಮ ಅಂಕಣದಲ್ಲಿ ಟೇಪು ಹಿಡಿದು ಅಳೆದರು. ರಿಂಗು ನಾಲ್ಕು ಬೆರಳು ತಗ್ಗಿತ್ತು! ರಸಾಯನಶಾಸ್ತ್ರ ವಿಭಾಗದ ಹಿಂದಿನ ಹಳೆಯ ಸೈಕಲ್ ಸ್ಟ್ಯಾಂಡೇ ನಮ್ಮ ಅಂಕಣ; ಅಲ್ಲಿ ಮೊದಲು ಕಂಬ ನೆಟ್ಟು, ಆಮೇಲೆ ನೆಲಕ್ಕೆ ಎರಡನೇ ಸಲ ಸಿಮೆಂಟು ಹಾಕಿಸಿದ್ದರು. ನೆಲ ಮೇಲೆ ಬಂತು, ರಿಂಗನ್ನು ಏರಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ತಗ್ಗು ರಿಂಗಿಗೆ ಪಳಗಿದ ಕೈ ಬೇರೆಡೆ ಹೋದರೆ ಚೆಂಡು ಪ್ರತಿ ಸಲವೂ ಗಿಡ್ಡ ಬೀಳುತ್ತಿತ್ತು. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ ಎಂಬ ಗಾದೆಯಿದೆ. ನಮಗೆ ಮಾತ್ರ ನೆಲ ನಿಜವಾಗಿಯೇ ಡೊಂಕಾಗಿತ್ತು. ಈ ಕಥೆ ನಿಮ್ಮ ಪುಸ್ತಕದಲ್ಲಿಲ್ಲ. ಇದ್ದಿದ್ದರೆ ಓದುಗರು ನಗುತ್ತಿದ್ದರು, ಆ ಹುಡುಗರನ್ನು ಪ್ರೀತಿಸುತ್ತಿದ್ದರು.

ಕೈ ಒಂದಕ್ಕೆ ಪಳಗಿದರೆ ಏನಾಗುತ್ತದೆ ಎಂಬುದನ್ನು ನಾನು ಆಗಲೇ ಕಲಿಯಬೇಕಿತ್ತು.

ನನ್ನ ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ವಾಣಿಜ್ಯ ಪದವಿಗೆಂದು ಇಲ್ಲಿ ಸೇರಿದ. ಸಂಜೆ ನನ್ನ ಜೊತೆ ಮನೆಗೆ ಹೋಗಲು ಕಾಯುತ್ತ ಅಂಕಣದ ಬದಿಗೆ ಕೂರುತ್ತಿದ್ದ. ಅಭ್ಯಾಸಕ್ಕೆ ಒಂದು ತಲೆ ಕಡಿಮೆಯಾದಾಗ ಕೋಚು ಅವನನ್ನು ಕರೆದರು. ಎತ್ತರ ಐದು ಅಡಿ ನಾಲ್ಕು ಇಂಚು. ‘ಇವನನ್ನ ಆಡ್ಸೋಕಾಗಲ್ಲ, ಬೇಡ ಅನ್ನೋಕೆ ಬಾಯೂ ಬರಲ್ಲ’ ಎಂದು ಕೋಚು ನನ್ನ ಹತ್ತಿರ ಅಂದಿದ್ದರು. ಆ ಕಾಲದಲ್ಲಿ ಜೆರ್ಸಿಯ ನಂಬರುಗಳು ನಾಲ್ಕರಿಂದ ಹದಿನೈದರವರೆಗೆ ಮಾತ್ರ. ಒಂದು, ಎರಡು, ಮೂರನ್ನು ರೆಫರಿಗಳು ಬೆರಳು ತೋರಿಸಿ ಬೇರೆ ಸನ್ನೆಗಳಿಗೆ ಬಳಸುತ್ತಿದ್ದರು. ತಮ್ಮನಿಗೆ ಹದಿನಾಲ್ಕು ಸಿಕ್ಕಿತು. ಎಲ್ಲ ಹನ್ನೆರಡು ಜೆರ್ಸಿಗಳೂ ಒಂದೇ ಅಳತೆ, ಅವನಿಗೆ ತೊಡೆಯವರೆಗೆ ಇಳಿಯುತ್ತಿತ್ತು. ನೀರಿನ ಬಾಟಲಿ ತುಂಬುತ್ತಿದ್ದ, ಟವೆಲ್ ಮಡಚಿಡುತ್ತಿದ್ದ, ಬೆಂಚಿನ ತುದಿಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಬಲಗಡೆಯ ಮೂಲೆಯಲ್ಲಿ ನಿಂತು ಒಂದೇ ಜಾಗದಿಂದ ಚೆಂಡು ಎಸೆಯುತ್ತಿದ್ದ. ನಾನು ಹಾಳೆಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅರವತ್ತು ಎಪ್ಪತ್ತು ಸಲ. ‘ಒಂದೇ ಕಡೆಯಿಂದ ಹಾಕಿದ್ರೆ ಏನು ಬಂತೋ?’ ಎಂದು ಕೇಳಿದೆ. ‘ನಾನೇನು ಎಲ್ಲಾ ಕಡೆಯಿಂದ ಹಾಕ್ಬೇಕಾ ಅಣ್ಣಾ? ನನಗೆ ಸಿಗೋದೇ ಒಂದು ಚಾನ್ಸು’ ಎಂದು ನಕ್ಕ.

ಈಗ ಆ ಪಂದ್ಯಕ್ಕೆ ಬರುತ್ತೇನೆ. ದಯವಿಟ್ಟು ನಿಧಾನವಾಗಿ ಓದಿ. ಇದು ನಿಮ್ಮ ಕಚೇರಿಯಲ್ಲಿ ಯಾರಿಗೂ ಅರ್ಥವಾಗದೆ ಹೋದ ಭಾಗ.

ಫೈನಲ್ ನಮ್ಮ ಅಂಕಣದಲ್ಲೇ. ಹಾಸ್ಟೆಲಿನಲ್ಲಿ ಕಾಮಾಲೆ ಬಂದು ಮೂವರು ಮಲಗಿದ್ದರು, ಉಳಿದವರು ಒಂಬತ್ತು ಜನ. ಎರಡನೇ ಅರ್ಧದಲ್ಲಿ ಎದುರಾಳಿಯೊಬ್ಬ ಎಳೆದ ರಭಸಕ್ಕೆ ನಮ್ಮ ನಾಯಕನ ಜೆರ್ಸಿ ಕಂಕುಳಿಂದ ಸೊಂಟದವರೆಗೆ ಹರಿಯಿತು. ನಾಯಕನದು ಒಂಬತ್ತನೇ ನಂಬರು. ಬದಲಿಸಿಕೊಂಡು ಬಾ ಎಂದರು ರೆಫರಿ. ಬೇರೆ ಜೆರ್ಸಿ ಎಲ್ಲಿಂದ ಬರಬೇಕು? ಕಾಮಾಲೆಯವರ ಮೂರೂ ಹಾಸ್ಟೆಲಿನಲ್ಲೇ ಉಳಿದಿದ್ದವು. ಬೆಂಚಿನ ತುದಿಯಲ್ಲಿದ್ದ ನನ್ನ ತಮ್ಮ ತನ್ನದನ್ನು ಬಿಚ್ಚಿಕೊಟ್ಟ. ತಾನು ಹೆಗಲಿಗೆ ಟವೆಲ್ ಹೊದ್ದು ಕೂತ. ರೆಫರಿ ನನ್ನ ಮೇಜಿಗೆ ಬಂದು, ‘ಒಂಬತ್ತು ಇನ್ಮೇಲೆ ಹದಿನಾಲ್ಕು, ನೋಡ್ಕೊಳ್ಳಿ’ ಎಂದು ಹೇಳಿ ಹೋದರು. ಒಬ್ಬನ ಪಾಯಿಂಟುಗಳು ಎರಡು ಕಡೆ ಹರಡಬಾರದೆಂದು ನಾನು ಹಾಳೆಯಲ್ಲಿ ಅವನನ್ನು ಒಂಬತ್ತಾಗಿಯೇ ಉಳಿಸಿಕೊಂಡೆ. ಕಣ್ಣಿಗೆ ಹದಿನಾಲ್ಕು ಕಂಡರೆ ಕೈ ಒಂಬತ್ತು ಬರೆಯಬೇಕು. ಹದಿನೈದು ನಿಮಿಷ ಹಾಗೆ ಬರೆದೆ. ನಾಯಕ ಅಂದು ಬೆಂಕಿಯ ಹಾಗೆ ಆಡುತ್ತಿದ್ದ. ಹದಿನಾಲ್ಕು ಕಂಡಿತು, ಒಂಬತ್ತು ಬರೆದೆ, ಮತ್ತೆ ಕಂಡಿತು, ಮತ್ತೆ ಬರೆದೆ. ಕೈ ಪಳಗಿತು.

ಅಷ್ಟರಲ್ಲಿ ನಮ್ಮ ಮೂವರು ಐದೈದು ಫೌಲು ಮಾಡಿ ಹೊರಬಿದ್ದರು. ಉಳಿದವರು ಆರು, ಅಂಕಣದಲ್ಲಿ ಐವರು, ಬೆಂಚಿನಲ್ಲಿ ಟವೆಲ್ ಹೊದ್ದ ನನ್ನ ತಮ್ಮ ಒಬ್ಬನೇ. ಒಂದು ಪಾಯಿಂಟಿನಿಂದ ಹಿಂದಿದ್ದೆವು. ಒಂಬತ್ತು ಸೆಕೆಂಡು ಉಳಿದಿರುವಾಗ ನಾಯಕ ಕಾಲು ಹೊರಳಿ ಬಿದ್ದ. ಪಾದ ಊರಲಾಗಲಿಲ್ಲ. ಇಬ್ಬರು ಎತ್ತಿಕೊಂಡು ನನ್ನ ಮೇಜಿನ ಮುಂದಿಂದಲೇ ಬೆಂಚಿಗೆ ತಂದರು. ಗುಂಪು ಸೇರಿತು. ಗಡಿಯಾರ ನೋಡುವವರು ಉಳಿದದ್ದು ಎಂಟು ಸೆಕೆಂಡೋ ಒಂಬತ್ತೋ ಎಂದು ನನ್ನನ್ನು ಕೇಳುತ್ತಿದ್ದರು. ಆ ಗಲಾಟೆಯಲ್ಲಿ ನಾಯಕನ ಮೈಮೇಲಿನ ಒದ್ದೆ ಜೆರ್ಸಿಯನ್ನು ಬಿಚ್ಚಿ ತಮ್ಮ ಮತ್ತೆ ತೊಟ್ಟುಕೊಂಡ. ನಿಯಮದ ಪ್ರಕಾರ ಒಳಗೆ ಹೋಗುವ ಆಟಗಾರ ಮೊದಲು ನನ್ನ ಮೇಜಿಗೆ ಬಂದು ಹೇಳಬೇಕು, ನಾನು ಗುರುತು ಹಾಕಬೇಕು. ಗಾಬರಿಯಲ್ಲಿ ಅವನು ನೇರ ಓಡಿದ. ರೆಫರಿಯೂ ಕೈ ಬೀಸಿ ಕರೆದುಬಿಟ್ಟರು. ಹದಿನಾಲ್ಕು ಹೊರಗೆ ಬಂತು, ಹದಿನಾಲ್ಕು ಒಳಗೆ ಹೋಯಿತು.

ಚೆಂಡು ಎರಡು ಕೈ ದಾಟಿ ಬಲಗಡೆ ಮೂಲೆಗೆ ಬಂತು. ಅಲ್ಲಿ ಅವನಿದ್ದ. ಅವನನ್ನು ಕಾಯಬೇಕೆಂದು ಎದುರಾಳಿಗಳಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅಂಥ ಎತ್ತರ ಅವನದು. ಎಸೆದ. ಚೆಂಡು ಬೋರ್ಡು ಮುಟ್ಟದೆ ಒಳಗೆ ಇಳಿಯಿತು. ನಾನು ಕುರ್ಚಿಯಿಂದ ಎದ್ದು ಅವನ ಹೆಸರು ಹಿಡಿದು ಕೂಗಿದೆ. ಮೇಜಿನ ಹಿಂದೆ ಕೂತವರು ಯಾರ ಪರವಾಗಿಯೂ ಕೂಗಬಾರದು. ಮೂವತ್ತೊಂದು ವರ್ಷದಲ್ಲಿ ನಾನು ಕೂಗಿದ್ದು ಅದೊಂದೇ ಸಲ. ಅರವತ್ತೊಂದು, ಅರವತ್ತು. ಕೂಗುತ್ತಲೇ ಕೂತು, ಅದೇ ಆನಂದದಲ್ಲಿ ಬರೆದೆ: ಒಂಬತ್ತು.

ಇಷ್ಟನ್ನು ನನ್ನ ಎರಡೂ ಅರ್ಜಿಗಳಲ್ಲಿ ಬರೆದಿದ್ದೆ. ‘ಕಣ್ತಪ್ಪಿನಿಂದ ಆದ ಪ್ರಮಾದ’ ಎಂದು ಕರೆದಿದ್ದೆ. ಪುರಾವೆಯಾಗಿ ನಿಮ್ಮದೇ ಪುಸ್ತಕದ ಚಿತ್ರವನ್ನು ತೋರಿಸಿದ್ದೆ. ಬೆನ್ನು ತಿರುಗಿಸಿ ಚೆಂಡು ಎಸೆಯುತ್ತಿರುವ ಆಟಗಾರ, ಬೆನ್ನ ಮೇಲೆ ಹದಿನಾಲ್ಕು. ಕೆಳಗೆ ನೀವು ಬರೆಸಿದ್ದೀರಿ: ‘ಹರಿದ ಜೆರ್ಸಿಯ ಬದಲು ಹದಿನಾಲ್ಕನ್ನು ತೊಟ್ಟ ನಾಯಕ, ಉಳುಕಿದ ಕಾಲಿನಲ್ಲೇ ಗೆಲುವಿನ ಬ್ಯಾಸ್ಕೆಟ್ ಹಾಕಿದ ಅಮರ ಕ್ಷಣ.’ ಕುಲಸಚಿವರೇ, ನಾಯಕ ಆರು ಅಡಿ ಎರಡು ಇಂಚು. ಆ ಜೆರ್ಸಿ ಅವನ ಸೊಂಟಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಚಿತ್ರದಲ್ಲಿ ಅದು ತೊಡೆಯ ಮೇಲೆ ಲಂಗದಂತೆ ಜೋತಾಡುತ್ತಿದೆ. ಕಾಲು ಉಳುಕಿದರೆ ಮನುಷ್ಯ ಗಿಡ್ಡವಾಗುತ್ತಾನೆಯೇ? ಹಾಗೊಂದು ಸಂಶೋಧನೆ ನಿಮ್ಮ ಯಾವ ವಿಭಾಗದಲ್ಲಿ ನಡೆದಿದೆ? ‘ಮುಖ ಕಾಣುತ್ತಿಲ್ಲವಾದ್ದರಿಂದ ಚಿತ್ರವನ್ನು ಪುರಾವೆಯಾಗಿ ಪರಿಗಣಿಸಲಾಗದು’ ಎಂದು ನಿಮ್ಮ ಸಮಿತಿಯ ಸದಸ್ಯರೊಬ್ಬರು ಫೋನಿನಲ್ಲಿ ಹೇಳಿದರು. ಮುಖ ಕಾಣದ ಅದೇ ಚಿತ್ರ ನಾಯಕನ ಪಾಲಿಗೆ ಮಾತ್ರ ಪುರಾವೆ ಹೇಗಾಯಿತು ಎಂದು ಕೇಳುವಷ್ಟರಲ್ಲಿ ಫೋನಿಟ್ಟರು.

ನಾಯಕರ ಮನೆಗೂ ಹೋಗಿದ್ದೆ. ವಿಮಾ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಒಳ್ಳೆಯ ಮನುಷ್ಯ. ಅವರನ್ನು ಬೈಯಬೇಕೆಂದು ಮೆಟ್ಟಿಲು ಹತ್ತಿದೆ, ಬೈಯದೆ ಇಳಿದೆ. ಪುಸ್ತಕದ ಆ ಪುಟ ತೆಗೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

‘ನನ್ನನ್ನ ಎತ್ಕೊಂಡು ಹೋಗಿದ್ದು ನೆನಪಿದೆ’ ಎಂದರು. ‘ಬೆಂಚಿನ ಮೇಲೆ ಮಲಗ್ಸಿದ್ದು ನೆನಪಿದೆ. ಆದ್ರೆ ಚೆಂಡು ಹಾಕಿದ್ದೂ ನೆನಪಿದೆ ಕಣ್ರೀ. ಕೈಯಿಂದ ಬಿಟ್ಟಾಗ ಹೆಂಗಿತ್ತು ಅಂತ ಹೇಳ್ಲಾ ನಿಮಗೆ?’

‘ಎರಡೂ ಹೇಗೆ ಆಗತ್ತೆ ಸರ್?’

‘ಅದೇ ನನಗೂ ಗೊತ್ತಾಗ್ತಿಲ್ಲ. ಮೊದಮೊದಲು ನಾನಲ್ಲ ಅಂತ ಹೇಳ್ತಿದ್ದೆ. ವಿನಯ ಅಂದ್ಕೊಂಡ್ರು. ತಕರಾರಾದ್ರೆ ಕಪ್ಪು ಹೋಗತ್ತೆ ಅಂತ ಕೋಚೂ ಹುಡುಗ್ರೂ ಬಾಯಿ ಬಿಡ್ಲಿಲ್ಲ. ಪೇಪರಲ್ಲಿ ಬಂತು, ಆಫೀಸಲ್ಲಿ ಹಾರ ಹಾಕಿದ್ರು. ನಲವತ್ತು ವರ್ಷ ಜನ ಹೇಳ್ತಾ ಹೋದ್ರು. ಈಗ ಕಣ್ಣು ಮುಚ್ಚಿದ್ರೆ ನಾನೇ ಕಾಣ್ತೀನಿ.’ ಅವರ ಕಣ್ಣು ತುಂಬಿತ್ತು. ‘ನಿಮ್ಮ ಶೀಟಲ್ಲೂ ನಂದೇ ನಂಬರು ಇದೆಯಲ್ರೀ.’

ಅವರ ತಲೆಯೊಳಗೆ ಆ ನೆನಪನ್ನು ಬರೆದದ್ದೂ ನನ್ನ ಲೇಖನಿಯೇ.

ಈಗ ನಾನು ಎರಡು ಅರ್ಜಿಗಳಲ್ಲೂ ಬರೆಯದೆ ಬಿಟ್ಟದ್ದನ್ನು ಬರೆಯಬೇಕು. ಅರ್ಜಿಯನ್ನು ಕಚೇರಿಗೆ ಬರೆಯುವುದು ಬಿಟ್ಟು ಪತ್ರಿಕೆಗೆ ಏಕೆ ಬರೆದೆ ಎಂದು ನೀವು ಕೇಳಬಹುದು. ಇದಕ್ಕಾಗಿಯೇ. ಅದು ಕಣ್ತಪ್ಪಲ್ಲ, ಕುಲಸಚಿವರೇ. ಬರೆದ ಗಳಿಗೆಯಲ್ಲಿ ತಪ್ಪಾಗಿತ್ತು ನಿಜ. ಎರಡು ನಿಮಿಷದ ಮೇಲೆ ಅದು ತಪ್ಪಾಗಿ ಉಳಿಯಲಿಲ್ಲ.

ಪಂದ್ಯ ಮುಗಿದ ಮೇಲೆ ಹಾಳೆಗೆ ಮೊದಲು ಸ್ಕೋರ್ ಬರೆದವರು ಸಹಿ ಹಾಕುತ್ತಾರೆ, ಕೊನೆಗೆ ರೆಫರಿ. ರೆಫರಿಯ ಸಹಿ ಬಿದ್ದರೆ ಮುಗಿಯಿತು, ಮುಂದೆ ದೇವರು ಬಂದರೂ ತಿದ್ದುವ ಹಾಗಿಲ್ಲ. ನಾನು ಸಹಿ ಹಾಕಿ ಹಾಳೆಯನ್ನು ರೆಫರಿಯತ್ತ ತಿರುಗಿಸಿದ್ದೆ. ಎದುರಾಳಿ ತಂಡದ ಕೋಚು ಅಲ್ಲೇ, ಒಂದು ಮೊಳ ದೂರದಲ್ಲಿ, ತಕರಾರಿಗೆ ಏನಾದರೂ ಸಿಕ್ಕೀತೇ ಎಂದು ಕಾಯುತ್ತ ನಿಂತಿದ್ದರು. ನನ್ನ ತಮ್ಮ ಬೆವರಿಳಿಸಿಕೊಂಡು ಓಡಿ ಬಂದ. ನನ್ನ ಹೆಗಲ ಮೇಲಿಂದ ಬಗ್ಗಿ ತನ್ನ ಎರಡು ಪಾಯಿಂಟು ನೋಡಬೇಕೆಂದು ಆಸೆಪಟ್ಟು ಕಣ್ಣಾಡಿಸಿದ. ನನ್ನ ಕಿವಿಯ ಹತ್ತಿರ ಮೆಲ್ಲಗೆ, ‘ಅಣ್ಣಾ, ಒಂಬತ್ತು ಅಂತ ಬರ್ದಿದ್ದೀಯ’ ಎಂದ.

ನಾನು ನೋಡಿದೆ. ಅವನು ಹೇಳಿದ್ದು ಸರಿಯಿತ್ತು. ರೆಫರಿಯ ಲೇಖನಿ ಇನ್ನೂ ಗಾಳಿಯಲ್ಲಿತ್ತು. ಬಾಯಿ ಬಿಟ್ಟರೆ ಒಂದು ಗೆರೆ ಹೊಡೆದು ತಿದ್ದಬಹುದಿತ್ತು. ಆದರೆ ತಿದ್ದಲು ಹೋದರೆ ಹದಿನಾಲ್ಕು ಮೇಜಿಗೆ ಹೇಳದೆ ಒಳಗೆ ಹೋದದ್ದು ಬಯಲಾಗುತ್ತಿತ್ತು. ಒಂದೇ ಪಾಯಿಂಟಿನ ಗೆಲುವು. ಆ ಕೋಚು ಬಿಡುತ್ತಿದ್ದರೇ? ಕಪ್ಪು ಹೋದರೂ ಹೋಗಬಹುದಿತ್ತು. ಅದು ನಾನು ನನಗೆ ಹೇಳಿಕೊಂಡ ಕಾರಣ. ಇನ್ನೊಂದಿದೆ. ಮುಂದಿನ ತಿಂಗಳು ನಾನು ದೊಡ್ಡ ಪಂದ್ಯಗಳ ಸ್ಕೋರ್ ಬರೆಯುವ ಅರ್ಹತೆಗೆ ಪರೀಕ್ಷೆ ಕಟ್ಟಿದ್ದೆ. ತನ್ನ ತಮ್ಮನನ್ನೇ ಗುರುತಿಸಲಾರದವನು ಎಂದು ಆ ರೆಫರಿ ನಕ್ಕುಬಿಟ್ಟರೆ? ನಾನು ತಲೆ ಎತ್ತದೆ, ಹಲ್ಲು ಕಚ್ಚಿ, ‘ಸುಮ್ನಿರೋ’ ಎಂದೆ.

ಅವನು ಸುಮ್ಮನಾದ. ನಲವತ್ತೊಂದು ವರ್ಷ ಸುಮ್ಮನಿದ್ದ.

ಸುಮ್ಮನಿದ್ದ ಎಂದರೆ, ಕಥೆ ಹೇಳುವುದನ್ನು ಬಿಡಲಿಲ್ಲ. ಓದು ಮುಗಿಸಿ ಅವನು ಹಲ್ಲಿನ ಸೆಟ್ಟು ಕಟ್ಟುವ ಕೆಲಸ ಕಲಿತ. ದಂತವೈದ್ಯರು ಕಳಿಸಿದ ಅಚ್ಚಿಗೆ ಮೇಣ ತುಂಬಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು. ಊರಿನ ಅರ್ಧ ಮುದುಕರು ಅವನು ಕಟ್ಟಿದ ಹಲ್ಲಿನಲ್ಲಿ ನಗುತ್ತಾರೆ. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಆ ಒಂಬತ್ತು ಸೆಕೆಂಡಿನ ಕಥೆ ಹೇಳುತ್ತಿದ್ದ. ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಆ ಚಿತ್ರ, ಕಟ್ಟು ಹಾಕಿಸಿದ್ದು. ಜನ ಅವನಿಗೆ ‘ಟೂ ಪಾಯಿಂಟು’ ಎಂದೇ ಹೆಸರಿಟ್ಟಿದ್ದರು. ಅರ್ಧ ಪ್ರೀತಿ, ಅರ್ಧ ಗೇಲಿ. ‘ಏನ್ ಟೂ ಪಾಯಿಂಟು, ಪೇಪರಲ್ಲಿ ನಿನ್ನ ಹೆಸರೇ ಇಲ್ವಲ್ಲೋ’ ಎಂದರೆ, ‘ಹೆಸ್ರು ಇಲ್ದಿದ್ರೇನು, ಬೆನ್ನು ಇದ್ಯಲ್ಲ’ ಎಂದು ನಗುತ್ತಿದ್ದ. ನಾನು ತಪ್ಪು ಬರೆದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಒಮ್ಮೆ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅವನ ಭಾವಮೈದುನ ನನ್ನನ್ನೇ ಕೇಳಿದ: ‘ಸ್ಕೋರ್ ಬರ್ದೋರು ನೀವೇ ಅಂತೆ. ನೀವೇ ಹೇಳ್ಬಿಡಿ, ಇವ್ರು ಹಾಕಿದ್ದು ನಿಜಾನಾ?’ ಎಲ್ಲರೂ ನನ್ನ ಬಾಯಿ ನೋಡಿದರು. ಆಗ ನಾನು ದೊಡ್ಡ ಪಂದ್ಯಗಳಿಗೆ ಕರೆ ಬರುವ ಮನುಷ್ಯ, ನನ್ನ ಹಾಳೆಯಲ್ಲಿ ತಪ್ಪಿರುವುದಿಲ್ಲ ಎಂಬ ಹೆಸರಿತ್ತು. ‘ಹಳೇ ಮಾತು, ಬಿಡಿ’ ಎಂದೆ. ಎಲ್ಲರೂ ನಕ್ಕರು. ತಮ್ಮನೂ ನಕ್ಕು, ಪಾತ್ರೆ ಎತ್ತಿಕೊಂಡು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದ. ಅವನ ಮಗಳಿಗೆ ಆಗ ಹನ್ನೊಂದೋ ಹನ್ನೆರಡೋ ವರ್ಷ. ಅವಳು ನಗಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ನನ್ನನ್ನು ನೋಡಿದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ನಿಮಗೆ ಕೊಡುತ್ತಿದ್ದೇನೆ.

ಕೊನೆಯ ಕಾಯಿಲೆಯಲ್ಲಿ ಅವನು ಆಸ್ಪತ್ರೆಯಲ್ಲಿ ಮೂರು ವಾರ ಇದ್ದ. ನಾನು ದಿನಾ ಮಧ್ಯಾಹ್ನ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಒಂದು ದಿನ ಕಿಟಕಿಯತ್ತ ನೋಡುತ್ತ ಕೇಳಿದ: ‘ಅಣ್ಣಾ, ಆ ಶೀಟು ಇನ್ನೂ ಇರತ್ತಾ?’

‘ಇರತ್ತೆ ಕಣೋ. ದೈಹಿಕ ಶಿಕ್ಷಣ ವಿಭಾಗದ ಬೀರುವಿನಲ್ಲಿ ಇರತ್ತೆ. ಅದೆಲ್ಲಿ ಹೋಗತ್ತೆ?’

‘ಹಾಗಾದ್ರೆ ಸರಿ’ ಎಂದ.

ಅಷ್ಟೇ ಮಾತು. ಸರಿ ಎಂದರೆ ಏನು ಸರಿ? ತಿದ್ದಿಸು ಎಂದನೇ? ಹೋಗಲಿ ಬಿಡು ಎಂದನೇ? ನನಗೆ ಇನ್ನೂ ಹತ್ತು ದಿನಗಳಿದ್ದವು. ನಡೆದರೆ ಆ ವಿಭಾಗ ನನ್ನ ಮನೆಯಿಂದ ಕಾಲು ಗಂಟೆ. ಹೋಗಲಿಲ್ಲ. ಅವನು ಹೋದ.

ಮೂರು ತಿಂಗಳ ಹಿಂದೆ ನಿಮ್ಮ ಸುವರ್ಣ ಮಹೋತ್ಸವ. ‘ಆಟಗಾರರ ಕುಟುಂಬದವರಿಗೆ ಆದರದ ಆಹ್ವಾನ’ ಎಂದು ನಿಮ್ಮ ಕಾರ್ಡು ತಮ್ಮನ ಮನೆಗೂ ಹೋಗಿದೆ. ಅವನ ಮಗಳು ಈಗ ಆ ಅಂಗಡಿ ನಡೆಸುತ್ತಾಳೆ, ಅಪ್ಪನ ಕೈಯೇ ಬಂದಿದೆ. ಅಂಗಡಿಗೆ ಅರ್ಧ ದಿನ ರಜೆ ಕೊಟ್ಟು, ಜೊತೆಗೆ ಕೆಲಸ ಮಾಡುವ ಇಬ್ಬರನ್ನೂ ಕರೆದುಕೊಂಡು ಬಂದಿದ್ದಾಳೆ. ಅಪ್ಪನ ಹೆಸರು ತೋರಿಸಬೇಕೆಂದು. ಜಿಮ್ನಾಷಿಯಂ ಗೋಡೆಯುದ್ದಕ್ಕೂ ನೀವು ಪುಸ್ತಕದ ಪುಟಗಳನ್ನು ದೊಡ್ಡದು ಮಾಡಿ ನೇತುಹಾಕಿದ್ದಿರಿ. ಅವಳು ಆ ಪುಟದ ಮುಂದೆ ನಿಂತಿದ್ದ ಹೊತ್ತಿನಲ್ಲಿ ನಾನೆಲ್ಲಿದ್ದೆ? ವೇದಿಕೆಯ ಮೇಲೆ. ‘ಮೂವತ್ತೊಂದು ವರ್ಷದಲ್ಲಿ ಒಂದು ಅಂಕವೂ ತಪ್ಪದ ಲೇಖನಿ’ ಎಂದು ಹಾಡಿ ಹೊಗಳಿ ನೀವು ನನ್ನ ಕೈಗೆ ಹಿತ್ತಾಳೆಯ ಫಲಕ ಕೊಡುತ್ತಿದ್ದಿರಿ. ನಾನು ಬಾಗಿ ತೆಗೆದುಕೊಂಡೆ.

ಮರುವಾರ ಅಂಗಡಿಗೆ ಹೋದೆ. ಅವಳು ಬೆಳಕಿನ ಕೆಳಗೆ ಕೂತು ಮೇಣದ ವಸಡಿಗೆ ಹಲ್ಲು ಕೂರಿಸುತ್ತಿದ್ದಳು. ಗೋಡೆಯಲ್ಲಿ ಚಿತ್ರವಿರಲಿಲ್ಲ. ಅದಿದ್ದ ಜಾಗದಲ್ಲಿ ಬಣ್ಣ ಮಾಸದ ಚೌಕವೊಂದು ಬೆಳ್ಳಗೆ ಉಳಿದಿತ್ತು. ನಾನು ಅದನ್ನು ನೋಡುವುದನ್ನು ಅವಳು ನೋಡಿದಳು.

‘ತೆಗೆದಿಟ್ಟೆ ದೊಡ್ಡಪ್ಪ. ಒಳಗೆ ಬೀರುವಿನಲ್ಲಿದೆ, ಬಿಸಾಕಿಲ್ಲ.’

‘ಯಾಕಮ್ಮಾ?’

‘ಬಂದೋರು ಕೇಳ್ತಾರೆ. ಏನಂತ ಹೇಳ್ಲಿ?’ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ‘ಅಪ್ಪ ಸುಳ್ಳು ಹೇಳ್ತಿದ್ರು ಅಂತ ನಾನು ಅನ್ನಲ್ಲ. ಇಡೀ ವರ್ಷ ಬೆಂಚಲ್ಲಿ ಕೂತಿದ್ರಲ್ಲ, ಪಾಪ, ಅವರಿಗೂ ಏನೋ ಒಂದು ಬೇಕಿತ್ತು. ಹೇಳ್ತಾ ಹೇಳ್ತಾ ಅವರೇ ನಂಬ್ಬಿಟ್ರೇನೋ. ನನಗೇನೂ ಬೇಜಾರಿಲ್ಲ ದೊಡ್ಡಪ್ಪ. ನೀವೂ ಪಾಪ ಎಷ್ಟು ವರ್ಷ ಅವರ ಮರ್ಯಾದೆ ಉಳಿಸ್ಕೊಂಡು ಬಂದ್ರಿ, ಎಲ್ಲರ ಮುಂದೆ ಇಲ್ಲ ಅಂತ ಒಂದು ದಿನಾನೂ ಹೇಳ್ಲಿಲ್ಲ.’

ಹೀಗೆಂದು ಎದ್ದು ನನಗೆ ಚಹಾ ಮಾಡಿಕೊಟ್ಟಳು.

ನಾನು ಕುಡಿದೆ, ಕುಲಸಚಿವರೇ. ಮಾಡದ ತಪ್ಪಿಗೆ ನನ್ನ ತಮ್ಮನನ್ನು ಅವನ ಮಗಳು ಕ್ಷಮಿಸಿದ್ದಾಳೆ. ಮಾಡಿದವನು ಅವಳ ಎದುರಿಗೆ ಕೂತು, ಅವಳಿಂದ ಉಪಕಾರ ಹೇಳಿಸಿಕೊಂಡು, ಲೋಟ ಕೆಳಗಿಟ್ಟು ಬಂದಿದ್ದೇನೆ. ಮನೆಗೆ ಬಂದು ನಿಮಗೆ ‘ಕಣ್ತಪ್ಪು’ ಎಂದು ಅರ್ಜಿ ಬರೆದೆ. ಆ ಅರ್ಜಿ ತಿರಸ್ಕೃತವಾದದ್ದು ನ್ಯಾಯವೇ ಆಯಿತು. ಸುಳ್ಳು ಅರ್ಜಿಗೆ ಸುಳ್ಳು ಪರಿಶೀಲನೆ. ಈಡು ಜೋಡು ಸರಿಯಾಗಿತ್ತು.

ಈಗ ನನ್ನ ಬೇಡಿಕೆ. ಪುಸ್ತಕವನ್ನು ಸುಡಿ ಎಂದು ನಾನು ಕೇಳುತ್ತಿಲ್ಲ, ಮರುಮುದ್ರಣವನ್ನೂ ಕೇಳುತ್ತಿಲ್ಲ. ನಾಯಕರ ಹೆಸರಿಗೆ ಮಸಿ ಬಳಿಯಬೇಡಿ. ಹಾಳೆಯಲ್ಲಿ ಅವರ ಹೆಸರಿಗಿರುವ ಇಪ್ಪತ್ತೇಳು ಪಾಯಿಂಟುಗಳಲ್ಲಿ ಎರಡು ಕಳೆದರೂ ಅವರು ಅಂದಿನ ದೊಡ್ಡ ಆಟಗಾರರೇ. ನೂರ ನಲವತ್ತೆರಡನೇ ಪುಟಕ್ಕೆ ಒಂದು ತಿದ್ದೋಲೆ ಅಂಟಿಸಿ. ಅದರಲ್ಲಿ, ಈ ಪಂದ್ಯದ ಸ್ಕೋರ್ ಬರೆದವನು ತಿಳಿದೂ ತಿಳಿದೂ ತಪ್ಪನ್ನು ಉಳಿಸಿದ ಎಂದು ಸ್ಪಷ್ಟವಾಗಿ ಬರೆಯಿರಿ. ನನ್ನ ಹೆಸರು ಹಾಕಿ, ಸಂಕೋಚ ಬೇಡ. ನೀವು ಕೊಟ್ಟ ಫಲಕವನ್ನು ನಿಮ್ಮ ಟಪಾಲು ಗುಮಾಸ್ತರ ಮೇಜಿನ ಮೇಲಿಟ್ಟು ಸ್ವೀಕೃತಿ ಪಡೆದಿದ್ದೇನೆ. ‘ನಲವತ್ತೊಂದು ವರ್ಷದ ಮೇಲೆ ದಾಖಲೆ ತಿದ್ದುವ ಅವಕಾಶ ನಿಯಮದಲ್ಲಿಲ್ಲ’ ಎಂದು ನೀವು ಹೇಳಬಹುದು. ನಿಯಮದಲ್ಲಿಲ್ಲ, ನನಗೂ ಗೊತ್ತು. ನಿಯಮದ ಹಿಂದೆ ಅಡಗುವುದು ಹೇಗೆ ಎಂಬುದರಲ್ಲಿ ನನಗಿಂತ ಪಳಗಿದವರು ನಿಮ್ಮ ಕಚೇರಿಯಲ್ಲಿ ಇಲ್ಲ. ಅಲ್ಲಿ ಬಹಳ ಚಳಿ, ಕುಲಸಚಿವರೇ. ಹೊರಗೆ ಬನ್ನಿ.

ಮತ್ತೊಂದು ವಿನಂತಿ. ಈ ಸಲದ ಉತ್ತರವನ್ನು ನನಗೆ ಕಳಿಸಬೇಡಿ. ಅಂಗಡಿಯ ವಿಳಾಸವನ್ನು ಪ್ರತ್ಯೇಕವಾಗಿ ಬರೆದು ಕಳಿಸಿದ್ದೇನೆ, ಅವಳಿಗೆ ಕಳಿಸಿ. ಉದ್ದದ ಪತ್ರ ಬೇಡ. ಸದರಿ ಬೇಡ, ಕೂಲಂಕಷ ಬೇಡ. ನಿಮ್ಮ ಕಚೇರಿಯ ಮುದ್ರೆಯ ಕೆಳಗೆ ನಾಲ್ಕು ಪದ ಸಾಕು: ‘ಅಮ್ಮಾ, ನಿಮ್ಮ ತಂದೆ ಆಡಿದ್ದರು.’

ಇಂತಿ,
ಅವನ ಬಾಯಲ್ಲಿ ಕೊನೆಯ ದಿನದವರೆಗೂ
ಅಣ್ಣ ಅನ್ನಿಸಿಕೊಂಡವನು